ಮೊಬೈಲ್ ಸಂದೇಶ: ಗುಟ್ಟೆಷ್ಟು, ರಟ್ಟೆಷ್ಟು?

ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ಬೆಳುವಾಯಿಯಂತಹ ಊರಿನಲ್ಲಿಯೂ ಇಂದು ಮೊಬೈಲ್ ಫೋನಿಲ್ಲದ ಮನೆ ವಿರಳ. ಕರೆಂಟು ಹೋದುದು, ಅಡಿಕೆಯ ಧಾರಣೆ, ಯಕ್ಷಗಾನದ ಆಟ, ನೆಂಟರ ಮದುವೆ, ಎಲ್ಲಕ್ಕೂ ಒಂದೊಂದು ವಾಟ್ಸಾಪ್ ಗುಂಪು. ಈಚೆಗೆ ನಮ್ಮ ಪರಿಚಯದ ಮನೆಯೊಂದರವರು ಹಿರಿಯರೊಬ್ಬರ ರಕ್ತಪರೀಕ್ಷೆಯ ವರದಿಯನ್ನು, ಸಲಹೆ ಕೇಳುವ ಸಲುವಾಗಿ, ನೆಂಟರ ಗುಂಪಿಗೆ ಕಳುಹಿಸಿದರು. ಸಂಜೆ ಬಸ್ ನಿಲ್ದಾಣದಲ್ಲಿ ಯಾರೋ ಆ ಹಿರಿಯರನ್ನೇ ತಡೆದು, “ಕಿಡ್ನಿ ಕೆಟ್ಟಿದೆಯಂತೆ, ಹೌದೋ?” ಎಂದು ವಿಚಾರಿಸಿದರು. ಮನೆಯವರು ಆ ಸಂಗತಿಯನ್ನು ಅವರಿಗೆ ಇನ್ನೂ ತಿಳಿಸಿಯೇ ಇರಲಿಲ್ಲ!

“ಎಲ್ಲವೂ ಗುಪ್ತವೆಂದು ವಾಟ್ಸಾಪಿನಲ್ಲೇ ಬರೆದಿದೆಯಲ್ಲ ಮಾಸ್ಟ್ರೇ, ಮತ್ತೆ ಇದು ಹೊರಬಿದ್ದುದು ಹೇಗೆ?” ಎಂದು ಅವರು ನಮ್ಮನ್ನು ಕೇಳಿದರು. ಪ್ರಶ್ನೆ ಸಹಜವಾದುದು. ಉತ್ತರಕ್ಕಾಗಿ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಪರಿಶೀಲಿಸಬೇಕಾಗುತ್ತದೆ.

ಮೊದಲನೆಯದು ಬೀಗ. ವಾಟ್ಸಾಪ್ 2016ರ ಏಪ್ರಿಲ್‌ನಿಂದ ತನ್ನ ಎಲ್ಲ ಬಳಕೆದಾರರ ಸಂದೇಶಗಳನ್ನೂ ಗುಪ್ತಲಿಪಿಗೆ ತಿರುಗಿಸಿ ಕಳುಹಿಸುತ್ತಿದೆ. ಎಂದೂ ಭೇಟಿಯಾಗದ ಇಬ್ಬರು, ಎಲ್ಲರ ಕಿವಿಗೂ ಬೀಳುವಂತೆ ಮಾತನಾಡಿ, ಒಂದೇ ಬೀಗದ ಕೈಯನ್ನು ಪಡೆಯುವುದು ಸಾಧ್ಯವೇ? ಸಾಧ್ಯವೆಂದು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬ ಅಮೆರಿಕದ ವಿದ್ವಾಂಸರು ತೋರಿಸಿದರು. ಒಂದು ಸಣ್ಣ ಲೆಕ್ಕದಿಂದ ಇದನ್ನು ತಿಳಿಯಬಹುದು. 5 ಮತ್ತು 23 ಎಂಬ ಸಂಖ್ಯೆಗಳು ಎಲ್ಲರಿಗೂ ಗೊತ್ತಿರಲಿ. ಅಣ್ಣನು 3ನ್ನೂ ತಂಗಿಯು 5ನ್ನೂ ಗುಟ್ಟಾಗಿ ಆರಿಸಿಕೊಳ್ಳಲಿ. 5ರ 3ನೆಯ ಘಾತ 125. ಅದನ್ನು 23ರಿಂದ ಭಾಗಿಸಿದರೆ ಶೇಷ 10. ಅಣ್ಣನು ಇದನ್ನು ಬಹಿರಂಗವಾಗಿ ಹೇಳುತ್ತಾನೆ. 5ರ 5ನೆಯ ಘಾತ 3125. ಅದರ ಶೇಷ 20. ಇದನ್ನು ತಂಗಿಯು ಹೇಳುತ್ತಾಳೆ. ಈಗ ಅಣ್ಣನು 20ನ್ನು 3ನೆಯ ಘಾತಕ್ಕೇರಿಸಿ 8000ದ ಶೇಷವನ್ನು ಕಂಡುಹಿಡಿದರೆ 19; ತಂಗಿಯು 10ನ್ನು 5ನೆಯ ಘಾತಕ್ಕೇರಿಸಿ 1,00,000ದ ಶೇಷವನ್ನು ಕಂಡುಹಿಡಿದರೂ 19! ಈ 19ನ್ನು ಅವರು ಬಾಯಿಬಿಟ್ಟು ಹೇಳಲೇ ಇಲ್ಲ. ಸಂಖ್ಯೆಗಳು ನೂರಾರು ಅಂಕಿಗಳಷ್ಟು ಉದ್ದವಾದರೆ, ಕೇಳಿಸಿಕೊಂಡವರು ಇಂದಿನ ಯಾವ ಗಣಕದಿಂದಲೂ ಗುಟ್ಟನ್ನು ಹೊರಗೆಡಹಲಾರರು. ಇಂದಿನ ಸಂದೇಶ ಸಾಧನಗಳು ಬಳಸುವುದು ಇದೇ ತತ್ತ್ವದ ಸುಧಾರಿಸಿದ ರೂಪವನ್ನು. ಆದುದರಿಂದ ಹಿರಿಯರ ವರದಿಯನ್ನು ದಾರಿಯಲ್ಲಿ ಯಾರೂ ಓದಿರಲಾರರು.

ಎರಡನೆಯದು ಲಕೋಟೆ. ಅಂಚೆಯವನು ಲಕೋಟೆಯನ್ನು ಒಡೆಯದೆಯೇ ಯಾರಿಂದ ಯಾರಿಗೆ, ಎಂದು, ಎಷ್ಟು ಪತ್ರ ಎಂಬುದನ್ನು ಅರಿಯಬಲ್ಲನು. ಒಬ್ಬರು ದಿನವೂ ಕಿಡ್ನಿ ತಜ್ಞರಿಗೆ ಬರೆಯುತ್ತಿದ್ದರೆ, ವಿಷಯವನ್ನು ಊಹಿಸಲು ಪತ್ರವನ್ನು ಓದಬೇಕೇ? ಫೋನ್ ನಂಬರು, ಬಳಕೆಯ ಹೊತ್ತು, ಸೇರಿರುವ ಗುಂಪುಗಳು ಮೊದಲಾದವು ವಾಟ್ಸಾಪಿಗೆ ತಿಳಿಯುತ್ತವೆ. ಸಿಗ್ನಲ್ ಎಂಬ ಸಾಧನವಾದರೋ ಲಕೋಟೆಯ ಬರಹವನ್ನೂ ಆದಷ್ಟು ಅಳಿಸುತ್ತದೆ. 2016ರಲ್ಲಿ ಅಮೆರಿಕದ ನ್ಯಾಯಾಂಗವು ಮಾಹಿತಿ ಕೇಳಿದಾಗ ಅದು ಕೊಡಬಲ್ಲುದಾಗಿದ್ದುದು ಎರಡೇ: ಖಾತೆ ತೆರೆದ ದಿನ, ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ. ಟೆಲಿಗ್ರಾಂನ ಸ್ಥಿತಿ ಬೇರೆ. ಅಲ್ಲಿ ಸಾಮಾನ್ಯ ಸಂಭಾಷಣೆಗಳ ಬೀಗದ ಕೈ ಕಂಪನಿಯ ವಶದಲ್ಲಿಯೇ ಇರುತ್ತದೆ. ಇಬ್ಬರ ನಡುವಣ ‘ರಹಸ್ಯ ಸಂಭಾಷಣೆ’ಗೆ ಮಾತ್ರ ಪೂರ್ಣ ರಕ್ಷಣೆಯುಂಟು, ಗುಂಪುಗಳಿಗೆ ಆ ಸೌಲಭ್ಯವಿಲ್ಲ.

ಮೂರನೆಯದೇ ನಮ್ಮ ಪ್ರಶ್ನೆಗೆ ಮುಖ್ಯವಾದುದು: ಒಳಗಿರುವ ಜನ. ಇದಕ್ಕೆ ದೃಷ್ಟಾಂತ ಮೂಡುಬಿದಿರೆಯಲ್ಲಿಯೇ ಇದೆ. ಧವಲಾ ಮೊದಲಾದ ಜೈನ ಸಿದ್ಧಾಂತ ಗ್ರಂಥಗಳ ಓಲೆಪ್ರತಿಗಳು ಶತಮಾನಗಳ ಕಾಲ ಅಲ್ಲಿನ ಬಸದಿಯಲ್ಲಿ ಭದ್ರವಾಗಿದ್ದವು. ದರ್ಶನಕ್ಕೆ ಮಾತ್ರವೇ ಅವು ದೊರೆಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳನ್ನು ನಕಲು ಮಾಡಿಸುವ ಕಾರ್ಯ ಮೊದಲಾದಾಗ, ನಕಲುಗಾರರಲ್ಲೊಬ್ಬರು ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಬರೆದುಕೊಂಡರು. ಅದು ಉತ್ತರದ ಸಹಾರನ್‌ಪುರವನ್ನು ಸೇರಿತು. 1939ರಿಂದ ಧವಲಾ ಅಚ್ಚಾಗತೊಡಗಿತು. ವಿದ್ವಲ್ಲೋಕಕ್ಕೆ ಇದರಿಂದ ಉಪಕಾರವೇ ಆಯಿತು. ಆದರೆ ಅಲ್ಲಿ ಬೀಗವನ್ನು ಯಾರೂ ಮುರಿಯಲಿಲ್ಲ. ಒಳಗೆ ಕುಳಿತು ಓದಲು ಅನುಮತಿಯಿದ್ದವರೇ ಪ್ರತಿ ಮಾಡಿದರು.

ನೆಂಟರ ಗುಂಪಿನಲ್ಲಿ ಆದುದೂ ಇದೇ. ನೂರು ಜನರ ಗುಂಪಿಗೆ ಒಂದು ಸಂದೇಶ ಕಳುಹಿಸಿದರೆ ಅದು ನೂರು ಫೋನುಗಳಲ್ಲಿ ಬೀಗ ಬಿಚ್ಚಿಕೊಳ್ಳುತ್ತದೆ. ಒಬ್ಬರು ಅದನ್ನು ಮುಂದಕ್ಕೆ ಕಳುಹಿಸಬಹುದು. ಇನ್ನೊಬ್ಬರ ಫೋನನ್ನು ಮಕ್ಕಳು ತೆರೆಯಬಹುದು. ತಾನಾಗಿ ಅಳಿಯುವ ಸಂದೇಶವನ್ನೂ ಅಳಿಯುವ ಮೊದಲೇ ಚಿತ್ರ ತೆಗೆದಿಡಬಹುದು. ಇಲ್ಲಿ ವಾಟ್ಸಾಪಾಗಲಿ ಸಿಗ್ನಲ್ ಆಗಲಿ ಮಾಡಬಲ್ಲುದು ಅಲ್ಪ.

ಹಾಗಾದರೆ ನಿತ್ಯದ ಬಳಕೆಗೆ ಯಾವುದು ಯೋಗ್ಯ? ನಮ್ಮ ಅಭಿಪ್ರಾಯವಿಷ್ಟು. ಊರಿನವರೆಲ್ಲ ಇರುವುದು ವಾಟ್ಸಾಪಿನಲ್ಲಿ. ಆದುದರಿಂದ ಊರಿನ ವಿಚಾರಗಳಿಗೆ ಅದೇ ಅನುಕೂಲ. ಆದರೆ ಅದರಲ್ಲಿ ಎರಡು ಕೆಲಸಗಳನ್ನು ಮಾಡಿಕೊಳ್ಳಬೇಕು. ತಮ್ಮನ್ನು ಗುಂಪಿಗೆ ಯಾರು ಸೇರಿಸಬಹುದೆಂಬುದನ್ನು ಪರಿಚಿತರಿಗೆ ಸೀಮಿತಗೊಳಿಸುವುದು ಒಂದು. ಬ್ಯಾಕಪ್ ಪ್ರತಿಗೂ ಬೀಗ ಹಾಕುವುದು ಇನ್ನೊಂದು. 2021ರಿಂದ ಈ ಸೌಲಭ್ಯವಿದ್ದರೂ ಅದನ್ನು ನಾವೇ ಆರಿಸಿಕೊಳ್ಳಬೇಕು. ಬಹಿರಂಗ ಪ್ರಕಟಣೆಗಳಿಗೆ ಟೆಲಿಗ್ರಾಂ ಸಾಕು. ಮನೆಯ ನಾಲ್ಕಾರು ಜನರ ಅಂತರಂಗದ ಮಾತಿಗೆ ಸಿಗ್ನಲ್ ಉತ್ತಮ. 2024ರಿಂದ ಅಲ್ಲಿ ಫೋನ್ ನಂಬರನ್ನು ಮರೆಮಾಡಿ ಬೇರೆ ಹೆಸರಿನಿಂದಲೂ ವ್ಯವಹರಿಸಬಹುದು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿದರು. ಈ ಹಕ್ಕನ್ನು ಸರಕಾರವೂ ಕಂಪನಿಯೂ ಗೌರವಿಸಬೇಕೆಂದು ನಾವು ಕೇಳುತ್ತೇವೆ, ಅದು ಸರಿಯೇ. ಆದರೆ ಇನ್ನೊಬ್ಬರ ಕಾಯಿಲೆಯ ಸುದ್ದಿ ನಮ್ಮ ಕೈಸೇರಿದಾಗ ಆ ಹಕ್ಕನ್ನು ಕಾಯಬೇಕಾದವರು ನಾವೇ. ಆ ಮನೆಯವರು ಈಗ ಐದೇ ಜನರ ಗುಂಪೊಂದನ್ನು ಮಾಡಿಕೊಂಡಿರುವರು. ಹಿರಿಯರೂ ಅದರಲ್ಲಿ ಒಬ್ಬರು.