ಸ್ಪೇನಿಗೆ ಹೊರಟವರ ಬುತ್ತಿ

ಸ್ಪೇನಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಆಸೆಯೇ? ಮೊದಲು ಕಾಗದಪತ್ರ ನೋಡಿಕೊಳ್ಳಿ. ಪದವಿ ಪತ್ರಕ್ಕೆ ಸಾಮಾನ್ಯವಾಗಿ ಓದಿದ ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಮುದ್ರೆ ಬೇಕು. ಈ ಒಪ್ಪಂದ ಭಾರತಕ್ಕೆ ಜಾರಿಯಾದದ್ದು 2005ರಲ್ಲಿ. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸನ್ನೂ ಪಡೆಯಿರಿ. ಇದಕ್ಕೆಲ್ಲ ವಾರಗಳೇ ಹಿಡಿದಾವು.

ಭಾಷೆಯ ಭಯವೇ? ಮನೆಯ ಕನ್ನಡ ಕೈಹಿಡಿಯುತ್ತದೆ. ನಮ್ಮ ‘ನೀನು–ನೀವು’ ಅಲ್ಲಿ ‘ತು–ಉಸ್ತೆದ್’. ‘ಹೋಗುತ್ತೇನೆ’ ಎಂದರೆ ‘ನಾನು’ ಬೇಕಿಲ್ಲ. ಅವರ ‘ವೊಯ್’ ಕೂಡ ಹಾಗೆಯೇ. ‘ನನಗೆ ಇಷ್ಟ’ ಎಂಬುದು ‘ಮೆ ಗುಸ್ತಾ’. ಅಲ್ಲಿನ ಮಕ್ಕಳು ಮೇಷ್ಟ್ರನ್ನೂ ‘ತು’ ಎನ್ನುವುದುಂಟು, ಬೇಸರಿಸಬೇಡಿ.

ಆದರೆ ಅದೇ ಮಕ್ಕಳು, “ನನ್ನ ಹೆಸರನ್ನು ನಿಮ್ಮ ಭಾಷೆಯಲ್ಲಿ ಬರೆಯಿರಿ” ಎಂದರೆ? ಬೋರ್ಡಿನ ಮುಂದೆ ತಡವರಿಸಬಾರದಲ್ಲ! ವೀಸಾ ಬರುವಷ್ಟರಲ್ಲಿ ಅಜ್ಜಿಯ ಪಕ್ಕ ಕುಳಿತು ಅಕ್ಷರಮಾಲೆ ತಿದ್ದಿಕೊಳ್ಳಿ.