ಮೂಲದಿಂದ ಕಟ್ಟುವ ಗಣಕವ್ಯವಸ್ಥೆ: ಜೆಂಟೂ ಲಿನಕ್ಸಿನ ಸ್ಥಾಪನೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಹಳೆಯ ಕಾಗದಪತ್ರಗಳಲ್ಲಿ ಕನ್ನಡದೊಡನೆ ಮೋಡಿ ಲಿಪಿಯ ಮರಾಠಿಯೂ ಬೆರೆತಿರುವುದನ್ನು ಸಂಶೋಧಕರು ಬಲ್ಲರು. ಇಂತಹ ಪತ್ರಗಳ ಛಾಯಾಪ್ರತಿಗಳನ್ನೂ ಸೂಚಿಯನ್ನೂ ಇರಿಸಿದ ಹಳೆಯ ಗಣಕವೊಂದರಲ್ಲಿ ನಾವು ಜೆಂಟೂ ಎಂಬ ಲಿನಕ್ಸ್ ವ್ಯವಸ್ಥೆಯನ್ನು ನೆಲೆಗೊಳಿಸಿದೆವು. ಸೂಚಿಯು ಯಾವ ತಂತ್ರಾಂಶದಿಂದ, ಯಾವ ರೀತಿಯಲ್ಲಿ ಸಿದ್ಧವಾಯಿತೆಂಬುದು ಮುಂದಿನವರಿಗೆ ತಿಳಿಯಬೇಕೆಂಬುದೇ ನಮ್ಮ ಉದ್ದೇಶ.

೧೭೭೬ರಲ್ಲಿ ಪ್ರಕಟವಾದ ಹಾಲ್‌ಹೆಡ್ಡನ ಧರ್ಮಶಾಸ್ತ್ರ ಸಂಗ್ರಹದ ಶೀರ್ಷಿಕೆಯಲ್ಲಿ ‘ಜೆಂಟೂ’ ಎಂದರೆ ಹಿಂದೂ. ಗಣಕದ ಜೆಂಟೂ ಮಾತ್ರ ಪೆಂಗ್ವಿನ್ ಹಕ್ಕಿಯೊಂದರ ಹೆಸರು. ಡೇನಿಯಲ್ ರಾಬಿನ್ಸ್ ಆರಂಭಿಸಿದ ಈ ವ್ಯವಸ್ಥೆಯ ಮೊದಲನೆಯ ಪೂರ್ಣ ಆವೃತ್ತಿ ೨೦೦೨ರಲ್ಲಿ ಹೊರಬಂದಿತು. ಬಹುತೇಕ ಲಿನಕ್ಸ್‌ಗಳಲ್ಲಿ ತಂತ್ರಾಂಶವು ಯಂತ್ರಭಾಷೆಗೆ ಪರಿವರ್ತಿತವಾಗಿಯೇ ಬರುತ್ತದೆ. ಇಲ್ಲಿಯಾದರೋ ಕರ್ತೃಗಳು ಬರೆದ ಮೂಲ ಸಂಕೇತವೇ ಬರುತ್ತದೆ. ಅದನ್ನು ಯಂತ್ರಭಾಷೆಗೆ ತಿರುಗಿಸಿ ಕಟ್ಟುವ ಕೆಲಸ ನಮ್ಮ ಗಣಕದ್ದು. ಅಥಣಿಯಲ್ಲಿ ಸಿದ್ಧ ಚಪ್ಪಲಿಯನ್ನು ಕೊಳ್ಳುವುದಕ್ಕೂ ಪಾದದ ಅಳತೆ ಕೊಟ್ಟು ಹೊಲಿಸುವುದಕ್ಕೂ ಇರುವ ಅಂತರವೇ ಇದು.

ಮೊದಲು ಛಾಯಾಪ್ರತಿಗಳೆಲ್ಲವನ್ನೂ ಬೇರೆ ಎರಡು ಡಿಸ್ಕುಗಳಿಗೆ ನಕಲಿಸಿದೆವು. ವಿಭಾಗಿಸುವಾಗ ಡಿಸ್ಕಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ವರ್ಷಗಳ ಸಂಗ್ರಹ ಅಳಿದುಹೋಗುವುದು. ಮೂಲಪತ್ರಗಳಲ್ಲಿ ಕೆಲವು ಗೆದ್ದಲಿಗೆ ತುತ್ತಾಗಿರುವುದರಿಂದ ಆ ನಷ್ಟಕ್ಕೆ ಪರಿಹಾರವೇ ಇಲ್ಲ. ಬಳಿಕ ಪೆನ್‌ಡ್ರೈವಿನಿಂದ ಗಣಕವನ್ನು ಆರಂಭಿಸಿ, ಡಿಸ್ಕನ್ನು ವಿಭಾಗಿಸಿ, ‘ಸ್ಟೇಜ್ ೩’ ಎಂಬ ಅಡಿಪಾಯದ ಕಡತವನ್ನು ಬಿಚ್ಚಿ, ಪೋರ್ಟೇಜ್ ಎಂಬ ಸಾಧನಕ್ಕೆ ನಮ್ಮ ಆಯ್ಕೆಗಳನ್ನು ಬರೆದುಕೊಟ್ಟೆವು.

ಈ ಆಯ್ಕೆಗಳ ಕಡತವೇ ಎಲ್ಲಕ್ಕೂ ಮುಖ್ಯ. ‘ಯೂಸ್’ ಎಂಬ ಸಾಲಿನಿಂದ ಬೇಕಾದ ಅಂಗಗಳನ್ನು ಸೇರಿಸಿ ಬೇಡವಾದುದನ್ನು ಬಿಡಬಹುದು. ಭಾಷೆಯ ಸಾಲಿನಲ್ಲಿ ‘ಕೆಎನ್’, ‘ಎಂಆರ್’ ಎಂದು ಬರೆದರೆ, ಲಭ್ಯವಿರುವೆಡೆ, ಕನ್ನಡ ಮರಾಠಿಗಳ ಅನುವಾದಗಳೂ ಜೊತೆಗೆ ಬರುತ್ತವೆ. ಯುನಿಕೋಡಿನ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿತ್ತು. ಮೋಡಿಗೆ ಸ್ಥಾನ ದೊರೆತುದು ೨೦೧೪ರಲ್ಲಿ. ಆದುದರಿಂದ ಹಿಂದಿನ ವ್ಯವಸ್ಥೆಯಲ್ಲಿ ಮೋಡಿಯ ಸಾಲುಗಳು ಬರಿಯ ಚೌಕಗಳಾಗಿ ಕಾಣುತ್ತಿದ್ದವು. ಈಗ ನೋಟೋ ಮೋಡಿ ಫಾಂಟೂ ಒತ್ತಕ್ಷರಗಳನ್ನು ಜೋಡಿಸುವ ಹಾರ್ಫ್‌ಬಝ್ ಎಂಬ ತಂತ್ರಾಂಶವೂ ಸೇರಿ ಅವನ್ನು ಓದಗೊಡುತ್ತಿವೆ.

ಕಾಲವ್ಯಯ ಬಹಳ. ವಿದ್ಯುತ್ತು ಕಡಿದರೆ ‘ರೆಸ್ಯೂಮ್’ ಆದೇಶದಿಂದ ಉಳಿದ ಪಟ್ಟಿ ಮುಂದುವರಿಯುವುದಾದರೂ, ಅರ್ಧಕ್ಕೆ ನಿಂತ ತಂತ್ರಾಂಶವನ್ನು ಮೊದಲಿನಿಂದ ಕಟ್ಟಬೇಕು. ೨೦೨೩ರ ಡಿಸೆಂಬರಿನಿಂದ ಜೆಂಟೂ ಸಿದ್ಧ ತಂತ್ರಾಂಶಗಳನ್ನೂ ವಿಪುಲವಾಗಿ ಒದಗಿಸುತ್ತಿರುವುದರಿಂದ, ಹಗಲಿರುಳು ಬೇಡುವ ಲಿಬ್ರೆಆಫೀಸನ್ನು ನಾವು ಸಿದ್ಧವಾಗಿಯೇ ಪಡೆದೆವು. ಇದನ್ನು ವ್ರತಭಂಗವೆನ್ನುವವರಿದ್ದಾರೆ, ನಮಗೆ ಹಾಗೆ ತೋರದು.

ಕರ್ನಲ್ಲೂ ಗ್ರಬ್ಬೂ ಸಿದ್ಧವಾದ ಮೇಲೆ ಗಣಕವು ತಾನಾಗಿ ಎದ್ದಿತು. ಆಯ್ಕೆಗಳ ಕಡತದ ಮುದ್ರಿತ ಪ್ರತಿಯೊಂದನ್ನು ದಿನಾಂಕಸಹಿತ ಪತ್ರಸೂಚಿಯೊಡನೆ ಇರಿಸಿದ್ದೇವೆ.