ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್‌ಗಳು: ನಕಲಲ್ಲ, ನಂಟು

1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪವನ್ನು ಸಿದ್ಧಪಡಿಸಿದರು. ಹೆಸರಿನಲ್ಲಿ ಜಾವಾ ಇದ್ದರೂ ಆಬ್ಜೆಕ್ಟ್‌ಗಳ ವಿಷಯದಲ್ಲಿ ಅದು ಅನುಸರಿಸಿದ್ದು 'ಸೆಲ್ಫ್' ಎಂಬ ಭಾಷೆಯನ್ನು.

ಜಾವಾದಲ್ಲಿ ಮೊದಲು ಕ್ಲಾಸ್ ಎಂಬ ನಕ್ಷೆ, ಅನಂತರ ಅದರಂತೆ ಆಬ್ಜೆಕ್ಟ್. ಜಾವಾಸ್ಕ್ರಿಪ್ಟ್‌ನಲ್ಲಿ ಆಬ್ಜೆಕ್ಟ್‌ನ ಬೆನ್ನಿಗಿರುವುದು ಮತ್ತೊಂದು ಆಬ್ಜೆಕ್ಟ್, ಅದೇ ಪ್ರೋಟೋಟೈಪ್. ಕೇಳಿದ ಗುಣ ತನ್ನಲ್ಲಿಲ್ಲದಿದ್ದರೆ ಹುಡುಕಾಟ ಪ್ರೋಟೋಟೈಪ್‌ಗೆ, ಅಲ್ಲಿಂದ ಅದರ ಪ್ರೋಟೋಟೈಪ್‌ಗೆ ಸಾಗುತ್ತದೆ. ಸರಪಳಿ ಮುಗಿದರೂ ಸಿಗದಿದ್ದರೆ ಉತ್ತರ 'ಅನ್‌ಡಿಫೈನ್ಡ್'. ಏನನ್ನೂ ನಕಲು ಮಾಡುವುದಿಲ್ಲ.

ಹೊಸಬರು ಎಡವುವುದು ಇಲ್ಲಿಯೇ. 'ಖಾತೆ' ಎಂಬ ಆಬ್ಜೆಕ್ಟ್‌ನಲ್ಲಿ ಶಿಲ್ಕು ಸೊನ್ನೆ, ಜೊತೆಗೆ ವಹಿವಾಟಿನ ಖಾಲಿ ಪಟ್ಟಿ ಇದೆಯೆನ್ನಿ. ಆಬ್ಜೆಕ್ಟ್.ಕ್ರಿಯೇಟ್ ಬಳಸಿ ಅದರಿಂದ ರಾಮಣ್ಣ, ಸೀತಮ್ಮ ಇಬ್ಬರ ಖಾತೆಗಳನ್ನೂ ಸೃಷ್ಟಿಸಲಾಗಿದೆ. ರಾಮಣ್ಣನ ಶಿಲ್ಕಿಗೆ 500 ಎಂದು ಬರೆದರೆ ಆ ಮೌಲ್ಯ ಅವನ ಆಬ್ಜೆಕ್ಟ್‌ನಲ್ಲಿ ಹೊಸದಾಗಿ ನೆಲೆಗೊಳ್ಳುತ್ತದೆ. ಸೀತಮ್ಮನದು ಸೊನ್ನೆಯಾಗಿಯೇ ಉಳಿಯುತ್ತದೆ. ಆದರೆ ಅವನ ವಹಿವಾಟನ್ನು 'ಪುಶ್' ಮೂಲಕ ಪಟ್ಟಿಗೆ ಸೇರಿಸಿದರೆ ಹೊಸ ಪಟ್ಟಿ ಹುಟ್ಟುವುದಿಲ್ಲ, ಪ್ರೋಟೋಟೈಪ್‌ನಲ್ಲಿರುವ ಪಟ್ಟಿಯೇ ಬದಲಾಗುತ್ತದೆ. ರಾಮಣ್ಣ ಕಟ್ಟಿದ ಹಣ ಸೀತಮ್ಮನ ವಹಿವಾಟಿನಲ್ಲೂ ಕಾಣಿಸಿಕೊಳ್ಳುತ್ತದೆ! ಕಂಪ್ಯೂಟರ್ ದೋಷಸೂಚನೆಯನ್ನೂ ನೀಡುವುದಿಲ್ಲ. ತಪ್ಪು ಗೊತ್ತಾಗುವುದು ಸೀತಮ್ಮ ಬಂದು ಕೇಳಿದಾಗಲೇ.

ಪರಿಹಾರ ಸರಳ. ಎಲ್ಲರಿಗೂ ಸಮಾನವಾದ ಫಂಕ್ಷನ್‌ಗಳು ಪ್ರೋಟೋಟೈಪ್‌ನಲ್ಲಿರಬೇಕು. ಪಟ್ಟಿಯಂಥ ಬದಲಾಗುವ ಮಾಹಿತಿಯನ್ನು ಪ್ರತಿ ಆಬ್ಜೆಕ್ಟ್ ಹುಟ್ಟುವಾಗಲೇ ಕನ್‌ಸ್ಟ್ರಕ್ಟರ್‌ನಲ್ಲಿ ಬೇರೆಯಾಗಿ ರಚಿಸಬೇಕು.

2015ರ ಆವೃತ್ತಿಯಲ್ಲಿ 'ಕ್ಲಾಸ್' ಪದವೂ ಬಂದಿತು. ಜಾವಾ ಬಲ್ಲವರಿಗೆ ಇದು ನೆಮ್ಮದಿಯ ಸಂಗತಿಯೇ, ಆದರೆ ಬದಲಾದದ್ದು ಬಹುಮಟ್ಟಿಗೆ ಬರವಣಿಗೆಯ ರೂಪ ಮಾತ್ರ. ಒಳಗೆ ನಡೆಯುವುದು ಅದೇ ಪ್ರೋಟೋಟೈಪ್ ಹುಡುಕಾಟ.